ಎಷ್ಟು ದೂರ ಎಸೆದೆ ಎನ್ನುವ ಮೊದಲು

ನೀವು 400 ಅಡಿ ಎಸೆಯುತ್ತೀರಿ ಎಂದರೆ ನಾನು ನಂಬುವುದಿಲ್ಲ ಅಂತೇನಲ್ಲ, ಮಕ್ಕಳೇ. ಎಲ್ಲಿಂದ ಎಲ್ಲಿಗೆ ಅಳೆದಿರಿ, ಯಾವುದರಿಂದ ಅಳೆದಿರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನೆಲ ಯಾವ ಕಡೆಗೆ ಇಳಿದಿತ್ತು ಎಂದು ಕೇಳುತ್ತೇನೆ, ಅಷ್ಟೇ. ಅದು ಅಭ್ಯಾಸಬಲ. ಊರಿನಲ್ಲಿ ಮೋಜಣಿ ಇಲಾಖೆಯ ಕೆಲಸಕ್ಕೆ ಸೇರಿ, ಹೊಲದ ಬದುವಿನ ಮೇಲೆ ಸರಪಳಿ ಹಿಡಿಸಿ ಹಿಡಿಸಿ ತಲೆ ನರೆತವನು ನಾನು. ಎರಡು ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಕಂಡವನಿಗೆ, 50 ಅಡಿಯನ್ನು ಬಾಯಲ್ಲೇ ಸೇರಿಸಿಬಿಡುವ ನಿಮ್ಮ ಧಾರಾಳತನ ನಗು ತರಿಸುತ್ತದೆ. ಮಗಳ ಮನೆಯೆಂದು ಅಮೆರಿಕದ ಷಾರ್ಲಟ್‌ಗೆ ಬಂದು ನೆಲೆಸಿ, ನಿಮ್ಮ ಭಾನುವಾರದ ಡಿಸ್ಕ್ ಗಾಲ್ಫ್ ಗುಂಪಿಗೆ ಅಂಟಿಕೊಂಡ ಮೇಲೆ, ಈ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಆಟದ ನಡುವೆ ಬಾಯಿ ತೆರೆದರೆ "ಅಂಕಲ್, ನಿಮ್ಮ ಸರದಿ" ಅಂತ ಮುಚ್ಚಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನೀವಿರುವ ಊರೂ ಈ ಆಟಕ್ಕೆ ಸಾಮಾನ್ಯವಾದದ್ದಲ್ಲ. 2012ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ. ಪಾಲ್ ಮಕ್‌ಬೆತ್ ಮೊದಲ ಸಲ ವಿಶ್ವಪಟ್ಟ ಗೆದ್ದದ್ದು ಆಗಲೇ. ರಾಜ್ಯದ ಗಡಿ ದಾಟಿ ದಕ್ಷಿಣಕ್ಕೆ ಸ್ವಲ್ಪ ಹೊತ್ತು ಕಾರು ಓಡಿಸಿದರೆ ರಾಕ್ ಹಿಲ್. ಅಲ್ಲಿನ ವಿಂತ್ರಾಪ್ ವಿಶ್ವವಿದ್ಯಾಲಯದ ಕೆರೆಯ ಸುತ್ತ 1999ರಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದುಬಂದಿದೆ. ಇಂಥ ಕಡೆ ತುಮಕೂರಿನವರೂ ದಾವಣಗೆರೆಯವರೂ ಡಿಸ್ಕ್ ಹಿಡಿದು ನಿಂತರೆ, ಪಕ್ಕದ ಗುಂಪಿನವರು ಹೇಳುವ ಸಂಖ್ಯೆ ಕಿವಿಗೆ ಬಿದ್ದೇ ಬೀಳುತ್ತದೆ, ಆಮೇಲೆ ನಾಲಿಗೆಗೂ ಅಂಟುತ್ತದೆ. ಆಟಗಾರನ ಮಟ್ಟ ಹೇಳುವ ಅಧಿಕೃತ ಲೆಕ್ಕ ಬೇರೆ ಇದೆ, ಈ ಆಟದ ಸಂಘವಾದ ಪಿಡಿಜಿಎಯ ರೇಟಿಂಗ್. ಆದರೆ ಅದಕ್ಕೆ ದುಡ್ಡು ಕಟ್ಟಿ ಸದಸ್ಯರಾಗಬೇಕು, ಟೂರ್ನಮೆಂಟ್ ಆಡಬೇಕು, ಸೋತದ್ದು ಎಲ್ಲರಿಗೂ ಕಾಣುವಂತೆ ದಾಖಲಾಗಬೇಕು. ದೂರಕ್ಕೆ ಇದ್ಯಾವ ರಗಳೆಯೂ ಇಲ್ಲ. ಸಾಕ್ಷಿ ಬೇಡ, ಸಹಿ ಬೇಡ. ಹಾಗಾಗಿಯೇ ಎಲ್ಲರೂ ದೂರದ ಮಾತನ್ನೇ ಆಡುತ್ತಾರೆ.

ನನ್ನ ಮೊದಲ ಅನುಮಾನ ಹುಟ್ಟಿದ್ದು ಸೊನ್ನೆಗಳಿಂದ. ನಿಮ್ಮ ಬಾಯಲ್ಲಿ ನಾನು ಕೇಳಿದ ಸಂಖ್ಯೆಗಳೆಲ್ಲ 300, 350, 400. ಯಾರೊಬ್ಬರೂ 317 ಅನ್ನುವುದಿಲ್ಲ, 386 ಅನ್ನುವುದಿಲ್ಲ. ಮೋಜಣಿಯಲ್ಲಿ ಹಿರಿಯರು ನಮಗೆ ಹೇಳಿಕೊಟ್ಟದ್ದು ಇದು: ಒಬ್ಬನ ಟಿಪ್ಪಣಿಯಲ್ಲಿ ಅಳತೆಗಳೆಲ್ಲ ಸೊನ್ನೆಗೇ ಬಂದು ನಿಂತಿದ್ದರೆ ಅವನು ಹೊಲಕ್ಕೆ ಇಳಿದಿಲ್ಲ, ಹುಣಸೆ ಮರದ ಕೆಳಗೆ ಕೂತು ಬರೆದಿದ್ದಾನೆ. ನಿಜವಾಗಿ ಅಳೆದ ನೆಲ ಯಾವತ್ತೂ ಅಷ್ಟು ಸಭ್ಯವಾಗಿರುವುದಿಲ್ಲ. ಡಿಸ್ಕೂ ಅಷ್ಟೇ. ಅದು 350ರ ಗೆರೆ ಹುಡುಕಿಕೊಂಡು ಹೋಗಿ ಬೀಳುವುದಿಲ್ಲ.

ಇನ್ನು ಅಳೆಯುವ ಬಗೆ. ನಿಮ್ಮಲ್ಲಿ ಹೆಚ್ಚಿನವರು ಹೆಜ್ಜೆ ಎಣಿಸುತ್ತೀರಿ. ಒಂದು ಹೆಜ್ಜೆಗೆ ಮೂರು ಅಡಿ ಅಂತ ಲೆಕ್ಕ. ನಮ್ಮ ಎತ್ತರದವರು ಆರಾಮವಾಗಿ ನಡೆದರೆ ಒಂದು ಹೆಜ್ಜೆ ಎರಡೂವರೆ ಅಡಿಯ ಆಸುಪಾಸು. ಮೊದಲ ಹತ್ತು ಹೆಜ್ಜೆ ಬೇಕೆಂದೇ ಅಗಲವಾಗಿ ಇಡುತ್ತೀರಿ, ಆಮೇಲೆ ಮಾತಿಗೆ ಬಿದ್ದು ಮರೆಯುತ್ತೀರಿ. 120 ಹೆಜ್ಜೆ ನಡೆದು "360 ಅಡಿ" ಅಂತ ಕೂಗಿದಿರಿ ಅಂದುಕೊಳ್ಳಿ. ನೆಲದ ಮೇಲೆ ಇದ್ದದ್ದು 300. ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇಲ್ಲ, ಆದರೂ 60 ಅಡಿ ಹುಟ್ಟಿಕೊಂಡಿತು. ಹೆಜ್ಜೆಯಲ್ಲೇ ಅಳೆಯುತ್ತೀರಾದರೆ ಅಳೆಯಿರಿ, ತಪ್ಪಿಲ್ಲ. ಮೊದಲು ಗೊತ್ತಿರುವ 100 ಅಡಿಯ ಮೇಲೆ ನಿಮ್ಮ ಮಾಮೂಲಿ ನಡಿಗೆಯಲ್ಲಿ ನಾಲ್ಕಾರು ಸಲ ಹೋಗಿ ಬಂದು, ನಿಮ್ಮ ಹೆಜ್ಜೆ ಎಷ್ಟು ಉದ್ದ ಎಂದು ತಿಳಿದುಕೊಳ್ಳಿ.

ಫೋನಿನವರು ಇನ್ನೊಂದು ಪಂಗಡ. ಯುಡಿಸ್ಕ್ ಆ್ಯಪಿನಲ್ಲಿ ಎಸೆದ ಜಾಗದಲ್ಲಿ ಒಮ್ಮೆ ಒತ್ತಿ, ಡಿಸ್ಕ್ ಬಿದ್ದ ಜಾಗಕ್ಕೆ ಹೋಗಿ ಇನ್ನೊಮ್ಮೆ ಒತ್ತಿದರೆ ದೂರ ತೋರಿಸುತ್ತದೆ. ಒಳ್ಳೆಯ ಸೌಕರ್ಯವೇ. ಆದರೆ ಬಯಲಿನಲ್ಲಿ, ತಲೆಯ ಮೇಲೆ ಬರೀ ಆಕಾಶವಿದ್ದಾಗಲೂ, ಫೋನಿನ ಜಿಪಿಎಸ್ ನಿಮ್ಮನ್ನು ಸುಮಾರು 5 ಮೀಟರ್ ಅತ್ತಿತ್ತ ನಿಲ್ಲಿಸಬಹುದು. ಮರಗಳ ಕೆಳಗೆ ಇನ್ನೂ ಹೆಚ್ಚು. ಆ ತಪ್ಪು ಒಂದು ತುದಿಯಲ್ಲಿ ಮಾತ್ರವಲ್ಲ, ಎರಡೂ ತುದಿಯಲ್ಲಿ ಇರುತ್ತದೆ. ಹಾಗಿರುವಾಗ ಪರದೆ ಮೇಲೆ 352 ಅಂತ ಕಂಡರೆ ಅದು 330ಕ್ಕೂ ಇರಬಹುದು, 375ಕ್ಕೂ ಇರಬಹುದು. ಇಬ್ಬರ ನಡುವೆ 8 ಅಡಿಯ ವ್ಯತ್ಯಾಸಕ್ಕೆ ಫೋನು ತೋರಿಸಿ ಜಗಳವಾಡಿದ್ದನ್ನು ಮೊನ್ನೆ ನೋಡಿದೆ. ಆ 8 ಅಡಿ ಫೋನಿಗೇ ಗೊತ್ತಿಲ್ಲ, ಅಪ್ಪಾ!

ಲೇಸರ್ ರೇಂಜ್‌ಫೈಂಡರ್ ಇವೆರಡಕ್ಕಿಂತ ಎಷ್ಟೋ ಮೇಲು, ಗುರಿ ಸರಿಯಾಗಿ ಹಿಡಿದರೆ. ಬುಟ್ಟಿಯ ಕಂಬಕ್ಕೆ ಹಿಡಿದೆ ಅಂದುಕೊಂಡು ಅದರ ಹಿಂದಿನ ಪೈನ್ ಮರಕ್ಕೆ ಹಿಡಿದಿರುತ್ತೀರಿ. ಎರಡು ಮೂರು ಸಲ ಒತ್ತಿ, ಒಂದೇ ಉತ್ತರ ಬರುತ್ತದೆಯೇ ನೋಡಿ.

ಸುಮ್ಮನೆ ಸಿಗುವ, ಎಲ್ಲಕ್ಕಿಂತ ನೆಚ್ಚಿಕೆಯ ಅಳತೆಗೋಲು ಈ ದೇಶದ ಹೈಸ್ಕೂಲುಗಳ ಹಿಂದೆ ಹಾಸಿಕೊಂಡಿದೆ: ಅಮೆರಿಕನ್ ಫುಟ್‌ಬಾಲ್ ಮೈದಾನ. ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ, ಅಂದರೆ 300 ಅಡಿ. ಎರಡು ತುದಿಯ 10 ಗಜದ ಪಟ್ಟಿಗಳೂ ಸೇರಿದರೆ 360. ಐದೈದು ಗಜಕ್ಕೆ ಗೆರೆ ಎಳೆದಿರುತ್ತಾರೆ. ಸಮತಟ್ಟು ನೆಲ, ಅಡ್ಡ ಮರವಿಲ್ಲ. ಗೋಲ್ ಗೆರೆಯ ಹಿಂದಿನ ಪಟ್ಟಿಯಲ್ಲಿ ಓಡಿಬರಲು ಬೇಕಾದಷ್ಟು ಜಾಗ. ಡಿಸ್ಕ್ ಕೈಬಿಡುವಾಗ ಮುಂದಿನ ಪಾದ ಗೆರೆಯ ಮೇಲಿದ್ದರೆ ಆಯಿತು. ಒಂದೇ ಬಗೆಯ ಡಿಸ್ಕುಗಳನ್ನು ಎಸೆದು, ನಡೆದು ಹೋಗಿ ಪ್ರತಿಯೊಂದೂ ಯಾವ ಗೆರೆಯ ಹತ್ತಿರ ಬಿದ್ದಿದೆ ನೋಡಿ, ಗಜವನ್ನು ಮೂರರಿಂದ ಗುಣಿಸಿ. ಆಮೇಲೆ ಆ ತುದಿಯಿಂದ ಈ ಕಡೆಗೆ ಅಷ್ಟೇ ಸಲ ಎಸೆಯಿರಿ. ಗಾಳಿ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ.

ನಿಮ್ಮಲ್ಲೊಬ್ಬ, ದಾವಣಗೆರೆಯವನು, ಹೆಸರು ಬೇಡ, 350 ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅವನನ್ನು ಇಂಥ ಮೈದಾನಕ್ಕೆ ಕರೆದುಕೊಂಡು ಹೋದೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇತ್ತು. ಹತ್ತು ಎಸೆದ. ಎಲ್ಲಕ್ಕಿಂತ ಮುಂದೆ ಹೋದದ್ದು ಆಚೆ ಬದಿಯ ಗೋಲ್ ಗೆರೆಗೆ ಮೂರು ಗಜ ಈಚೆ ಬಿದ್ದಿತ್ತು: 291 ಅಡಿ. ಕೈತಪ್ಪಿದ ಒಂದು 228. ಉಳಿದವು ಹೆಚ್ಚೂಕಡಿಮೆ ಆ ಕಡೆಯ ಹನ್ನೆರಡನೆಯ ಗಜದ ಸುತ್ತಮುತ್ತ, 264 ಅಡಿಯ ಹತ್ತಿರ, ಹರಡಿ ಬಿದ್ದಿದ್ದವು. "ಎದುರುಗಾಳಿ ಅಂಕಲ್" ಎಂದ. ಒಂದು ಹಿಡಿ ಒಣಹುಲ್ಲು ಹೆಕ್ಕಿ ಎದೆಮಟ್ಟದಿಂದ ಬಿಟ್ಟೆ. ನೆಟ್ಟಗೆ ಅವನ ಬೂಟಿನ ಮೇಲೆ ಬಿತ್ತು. ಆಮೇಲೆ ಇನ್ನೊಂದು ತಕರಾರು ತೆಗೆದ: ಒಂದು ಡಿಸ್ಕ್ ಎಡಕ್ಕೆ 20 ಗಜ ಸರಿದು ಬಿದ್ದಿದೆ, ಓರೆಯಾಗಿ ಅಳೆದರೆ ಹೆಚ್ಚಾಗುತ್ತದಲ್ಲ? ಆಗುತ್ತದೆ, 7 ಅಡಿ. ಮೂಲೆಗೆರೆಯ ಲೆಕ್ಕ ಮಾಡಿ ತೋರಿಸಿದೆ, ಆ 7 ಅಡಿಯನ್ನೂ ಅವನಿಗೆ ಕೊಟ್ಟೆ. ಮುಂದಿನ ಭಾನುವಾರ ಎಸೆಯುವ ಜಾಗದಲ್ಲಿ, ಟೀ ಮೇಲೆ, ಯಾರೋ ಹೊಸಬರು ಕೇಳಿದಾಗ ಅವನು ಏನು ಹೇಳಿದ ಗೊತ್ತೇ? 350.

ಅವನನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಎಲ್ಲೋ ಒಂದು ದಿನ, ಇಳಿಜಾರಿನಲ್ಲಿ, ಬೆನ್ನಿಗೆ ಗಾಳಿಯಿದ್ದಾಗ, ಅವನ ಕೈಯಿಂದ 350 ಹೋಗಿರುತ್ತದೆ. ಆ ಹಾರಾಟ ಅವನ ಕಣ್ಣಲ್ಲಿ ಇನ್ನೂ ಇದೆ. ಮಿಕ್ಕ ಸಾವಿರ ಎಸೆತಗಳು ನೆನಪಿನಿಂದ ಜಾರಿಹೋಗಿವೆ. ಮನುಷ್ಯರಾದವರಿಗೆಲ್ಲ ಹೀಗೇ. ಅದಕ್ಕೇ ನಾನು ಹೇಳುವುದು, ಹತ್ತು ಎಸೆದರೆ ಮೇಲಿನ ಎರಡನ್ನು ಬಿಡಿ, ಕೆಳಗಿನ ಎರಡನ್ನೂ ಬಿಡಿ, ನಡುವಿನವು ಎಲ್ಲಿ ಗುಂಪಾಗಿವೆ ಎಂದು ನೋಡಿ. ನಿಮ್ಮ ದೂರ ಅಲ್ಲಿದೆ.

ಇಳಿಜಾರಿನ ಮಾತು ಬಂತಲ್ಲ, ಅಲ್ಲೊಂದು ಸೊಗಸಾದ ವಿಷಯವಿದೆ. ಮೋಜಣಿಯವರಾದ ನಾವು ಇಳಿಜಾರನ್ನು ಕಂಡರೆ ಎಚ್ಚರವಾಗುತ್ತೇವೆ, ಏಕೆಂದರೆ ನೆಲದ ಮೇಲೆ ಹಿಡಿದ ಅಳತೆ ಬೇರೆ, ನಕ್ಷೆಗೆ ಬೇಕಾದ ಸಮತಲದ ಅಳತೆ ಬೇರೆ. ಆದರೆ 300 ಅಡಿಗೆ 30 ಅಡಿ ಇಳಿದರೂ ಇವೆರಡರ ನಡುವಿನ ವ್ಯತ್ಯಾಸ ಬರೀ ಒಂದೂವರೆ ಅಡಿ. ನಿಮ್ಮ ಲೇಸರ್ ಓರೆಯಾಗಿ ಅಳೆಯಿತು ಎಂಬ ಕಾರಣಕ್ಕೆ ಯಾರೂ ದೂರ ಕದ್ದಂತಾಗುವುದಿಲ್ಲ. ಕದಿಯುವುದು ಹಾರಾಟ. ನೆಲ ಕೆಳಗೆ ಸರಿದಷ್ಟೂ ಡಿಸ್ಕಿಗೆ ಗಾಳಿಯಲ್ಲಿ ಇರಲು ಹೆಚ್ಚು ಹೊತ್ತು ಸಿಗುತ್ತದೆ, ಅದು ಜಾರುತ್ತಾ ಮುಂದೆ ಹೋಗುತ್ತದೆ. ಕೋರ್ಸ್ ವಿನ್ಯಾಸ ಮಾಡುವವರು ಒಂದು ಅಡಿ ಏರಿಳಿತಕ್ಕೆ ಮೂರು ಅಡಿ ದೂರ ಎಂದು ಬಾಯಿಲೆಕ್ಕ ಹಿಡಿಯುತ್ತಾರೆ. 30 ಅಡಿ ಇಳಿಜಾರಿಗೆ 90 ಅಡಿ ಉಡುಗೊರೆ! ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಡಿಲವಿಯಾಗ ಎಂಬ ಹಳೆಯ ಕೋರ್ಸ್ ಇದೆ. ಅದರ 27ನೇ ಹೋಲ್‌ಗೆ 'ಟಾಪ್ ಆಫ್ ದಿ ವರ್ಲ್ಡ್' ಎಂದೇ ಹೆಸರು. ಗುಡ್ಡದ ನೆತ್ತಿಯಲ್ಲಿ ನಿಂತು 500 ಅಡಿಗೂ ಆಚೆ ಕೆಳಗಿರುವ ಬುಟ್ಟಿಗೆ ಎಸೆಯಬೇಕು. ಬೇ ಏರಿಯಾದಲ್ಲಿರುವ ನಮ್ಮ ಹುಡುಗರಲ್ಲಿ ಅಲ್ಲಿಗೆ ಹೋಗಿ ಬಂದವರು ಜೀವಮಾನದ ದೂರವನ್ನು ಅಲ್ಲಿಂದಲೇ ತಂದುಕೊಂಡಿರುತ್ತಾರೆ. ತರಲಿ. ಜೊತೆಗೆ ಆ ಗುಡ್ಡವನ್ನೂ ಮಾತಿನಲ್ಲಿ ತರಲಿ.

ಗಾಳಿಯದು ಇದಕ್ಕಿಂತ ದೊಡ್ಡ ಕಥೆ. ನೀವೆಲ್ಲ ಹೇಳುವ ವಿಶ್ವದಾಖಲೆ, 338 ಮೀಟರ್, ಅಂದರೆ 1,109 ಅಡಿ, ಡೇವಿಡ್ ವಿಗ್ಗಿನ್ಸ್ ಜೂನಿಯರ್ 2016ರ ಮಾರ್ಚಿನಲ್ಲಿ ನೆವಾಡದ ಪ್ರಿಮ್ ಊರಿನ ಬಳಿ ಎಸೆದದ್ದು. ಅದು ಮರುಭೂಮಿ. ಹಗುರವಾದ ಡಿಸ್ಕುಗಳನ್ನು ಹಿಡಿದು, ಜೋರು ಗಾಳಿ ಬೀಸುವ ಹೊತ್ತು ಕಾದು, ಅದರ ಬೆನ್ನೇರಿಸಿ ಎತ್ತರಕ್ಕೆ ಎಸೆಯುತ್ತಾರೆ. ಗಾಳಿ ಬಂದಾಗ ತೂರಿಕೋ ಅನ್ನುವುದನ್ನು ಇವರಷ್ಟು ಅಕ್ಷರಶಃ ಪಾಲಿಸಿದವರಿಲ್ಲ. ಅದಕ್ಕೆ ಹಿಂದಿನ ದಾಖಲೆ ಸೈಮನ್ ಲಿಝಾಟ್ 2014ರಲ್ಲಿ ಎಸೆದ 263.2 ಮೀಟರ್, ಅದಕ್ಕೂ ಎಷ್ಟೋ ಮೊದಲು, 2002ರಲ್ಲಿ, ಸ್ವೀಡನ್ನಿನ ಕ್ರಿಶ್ಚಿಯನ್ ಸ್ಯಾಂಡ್‌ಸ್ಟ್ರಾಮ್ 250 ಮೀಟರ್. ಹನ್ನೆರಡು ವರ್ಷದಲ್ಲಿ 13 ಮೀಟರ್ ಏರಿದ್ದು ಮುಂದಿನ ಎರಡೇ ವರ್ಷದಲ್ಲಿ 75 ಮೀಟರ್ ಏರಿತು. ಮನುಷ್ಯರ ತೋಳು ಅಷ್ಟು ಬೇಗ ಬೆಳೆಯುವುದಿಲ್ಲವಲ್ಲ. ವಿಗ್ಗಿನ್ಸ್‌ಗೆ ಸಲ್ಲಬೇಕಾದ ಗೌರವ ಇದರಿಂದ ಕಡಿಮೆಯಾಗದು. ಅಂಥ ಗಾಳಿಯಲ್ಲಿ ಡಿಸ್ಕನ್ನು ಮಗುಚದಂತೆ ಬಿಡುವುದೇ ಒಂದು ವಿದ್ಯೆ. ಆದರೆ ಅದನ್ನು ನಮ್ಮ ಪಾರ್ಕಿನ ಮೂರನೇ ಹೋಲ್‌ಗೆ ತಂದು ತೂಗಬೇಡಿ. ಇನ್ನೊಂದು: ಏರೋಬಿ ಎಂಬ ಬಳೆಯಂಥ ಆಟಿಕೆಯನ್ನು 2003ರಲ್ಲಿ ಎರಿನ್ ಹೆಮಿಂಗ್ಸ್ ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟ್ ಫನ್‌ಸ್ಟನ್‌ನಲ್ಲಿ 406 ಮೀಟರ್ ಎಸೆದಿದ್ದಾರೆ. ಅದು ನಡುವೆ ತೂತಿರುವ ಬಳೆ, ನಮ್ಮ ಡಿಸ್ಕಲ್ಲ. ಹೆಸರಿಗೆ ಎರಡೂ ಹಾರುವವೇ, ಕೆಲವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಅದಕ್ಕೆ ಹೇಳಿದೆ.

ಬೆನ್ನ ಗಾಳಿ ಎಲ್ಲರಿಗೂ ದೂರ ಕೊಡುತ್ತದೆ ಎಂದೂ ತಿಳಿಯಬೇಡಿ. ಮೆಲ್ಲಗೆ, ತಗ್ಗಿನಲ್ಲಿ ಎಸೆಯುವವರ ಡಿಸ್ಕಿನ ಅಡಿಯ ಆಸರೆಯನ್ನೇ ಅದು ಕಿತ್ತುಕೊಂಡು ಬೇಗ ನೆಲಕ್ಕೆ ಕೂರಿಸುತ್ತದೆ. ನನ್ನಂಥವರಿಗೆ ಇದು ಪ್ರತಿ ವಾರದ ಅನುಭವ.

ಕೋರ್ಸಿನ ಫಲಕಗಳನ್ನು ನಂಬಿ ದೂರ ಹೇಳುವವರು ಉಳಿದರು. ಫಲಕದ ಮೇಲೆ 380 ಎಂದಿದೆ, ನಾನು ಬುಟ್ಟಿಯ ಪಕ್ಕದಲ್ಲೇ ಬೀಳಿಸಿದೆ, ಆದ್ದರಿಂದ ನನ್ನದು 380. ಈ ತರ್ಕ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಷ್ಟೋ ಕಡೆ ಒಂದೇ ಹೋಲ್‌ಗೆ ಬುಟ್ಟಿ ನೆಡುವ ಜಾಗ ಎರಡು ಮೂರು ಇರುತ್ತದೆ. ಆಗಾಗ ಕಿತ್ತು ಬದಲಾಯಿಸುತ್ತಾರೆ, ಫಲಕ ಮಾತ್ರ ಹಳೆಯ ಕಥೆಯನ್ನೇ ಹೇಳುತ್ತಿರುತ್ತದೆ. ಬಾಗಿದ ದಾರಿಯ ಹೋಲ್‌ಗಳಲ್ಲಿ ದೂರವನ್ನು ದಾರಿಗುಂಟ ಅಳೆದಿರಬಹುದು. ನೀವು ಮರಗಳ ಮೇಲಿನಿಂದ ನೇರ ಕೊಯ್ದುಕೊಂಡು ಹೋಗಿದ್ದರೆ ನಿಮ್ಮ ಎಸೆತ ಅದಕ್ಕಿಂತ ಗಿಡ್ಡ. ಡಿಸ್ಕ್ ಗಾಳಿಯಲ್ಲಿ ಬಲಕ್ಕೆ ವಾಲಿ ಎಡಕ್ಕೆ ಮರಳಿ ಎಷ್ಟೇ ಸುತ್ತಿ ಹೋಗಲಿ, ಲೆಕ್ಕಕ್ಕೆ ಬರುವುದು ಟೀಯಿಂದ ಡಿಸ್ಕಿಗೆ ಎಳೆದ ನೇರ ಗೆರೆ. ಇನ್ನು, ನೆಲಕ್ಕೆ ಬಡಿದು ಜಾರಿಕೊಂಡು ಹೋದ 40 ಅಡಿ? ಆಟದಲ್ಲಿ ಅದು ನಿಮ್ಮದೇ, ಡಿಸ್ಕ್ ನಿಂತಲ್ಲಿಂದಲೇ ಮುಂದಿನ ಎಸೆತ. ಆದರೆ ಅದು ಬೇಸಿಗೆಯ ಗಟ್ಟಿ ನೆಲ ಕೊಟ್ಟದ್ದು. ಮಳೆ ಬಿದ್ದ ಮಾರನೇ ದಿನ ಸಿಗುವುದಿಲ್ಲ.

ಈಚೆಗೆ ಅಡಿಯ ಜಾಗದಲ್ಲಿ ಮೈಲಿ ಬಂದಿದೆ. ಟೆಕ್‌ಡಿಸ್ಕ್ ಎಂಬುದನ್ನು ಕೊಂಡಿದ್ದೀರಿ. ಡಿಸ್ಕಿನ ನಡುವೆ ಸೆನ್ಸರ್ ಕೂರಿಸಿರುತ್ತಾರೆ. ಗ್ಯಾರೇಜಿನಲ್ಲಿ ಬಲೆ ಕಟ್ಟಿ ಅದಕ್ಕೆ ಎಸೆದರೆ ವೇಗ, ಸುತ್ತು, ಯಾವ ಕೋನದಲ್ಲಿ ಕೈಬಿಟ್ಟಿತು, ಮೂತಿ ಎಷ್ಟು ಮೇಲೆದ್ದಿತ್ತು ಎಲ್ಲ ಫೋನಿಗೆ ಬರುತ್ತದೆ. ಈಗ ನಿಮ್ಮ ಮಾತು "ನಂದು 62", "ನಂದು 65". ಗಂಟೆಗೆ 60 ಮೈಲಿ ಇದ್ದರೆ 400 ಅಡಿಯ ಆಸುಪಾಸು ಎಂಬ ಬಾಯಿಲೆಕ್ಕವೂ ಜೊತೆಗಿದೆ. ಆ ಉಪಕರಣ ನನಗೆ ಬಹಳ ಹಿಡಿಸಿತು, ನಿಜ ಹೇಳುತ್ತೇನೆ. ವೇಗದಲ್ಲಿ ಗಾಳಿಯೂ ಇಲ್ಲ, ಗುಡ್ಡವೂ ಇಲ್ಲ, ಸೊನ್ನೆಗೆ ಬಂದು ನಿಲ್ಲುವ ಚಟವೂ ಇಲ್ಲ. ಆದರೆ ಆ ಪರದೆಯ ಮೇಲಿನ ದೂರ ಯಾರೂ ನಡೆದದ್ದಲ್ಲ, ಲೆಕ್ಕ ಹಾಕಿದ್ದು. ಅದೇ ಪರದೆಯಲ್ಲಿ ಮೂತಿಯ ಕೋನ ಎಂಬ ಇನ್ನೊಂದು ಸಾಲಿದೆ, ಅದನ್ನು ನೀವು ಯಾರೂ ಓದಿ ಹೇಳುವುದಿಲ್ಲ. ಮೂತಿ ನಾಲ್ಕಾರು ಡಿಗ್ರಿ ಮೇಲೆದ್ದರೆ ಸಾಕು, ಎಷ್ಟು ವೇಗವಿದ್ದರೂ ಡಿಸ್ಕ್ ಮೇಲಕ್ಕೆ ಹತ್ತಿ, ಅಲ್ಲೇ ಸೋತು, ಬಲಗೈಯವರದಾದರೆ ಎಡಕ್ಕೆ ಬೀಳುತ್ತದೆ. ಗ್ಯಾರೇಜಿನಲ್ಲಿ 65 ಆಗಿ ಬಯಲಿನಲ್ಲಿ 300 ದಾಟದವರಿಗೆ ನಮ್ಮಲ್ಲಿ ಹಳೆಯ ಮಾತೇ ಇದೆ, ಉತ್ತರನ ಪೌರುಷ ಒಲೆ ಮುಂದೆ.

ಇಷ್ಟೆಲ್ಲ ಅಳೆದು ಏನಾಗಬೇಕು ಎಂದು ಕೇಳಬಹುದು. ಟೀ ಮೇಲೆ ನಿಂತಾಗ ನಿಮ್ಮ ಮುಂದೆ ಒಂದು ತೊರೆ ಇದೆ ಅನ್ನಿ. ದಾಟಲು 270 ಅಡಿ ಬೇಕು. ಬಾಯಲ್ಲಿ ನಿಮ್ಮದು 350. ಅಂದಮೇಲೆ ಹಿಂದೆ ಮುಂದೆ ನೋಡದೆ ಎಸೆಯುತ್ತೀರಿ. ನಡುವಿನ ಎಸೆತ 264 ಇರುವವನ ಡಿಸ್ಕ್ ಅರ್ಧಕ್ಕಿಂತ ಹೆಚ್ಚು ಸಲ ನೀರಿಗೆ ಹೋಗುತ್ತದೆ. ಒಂದು ದಂಡದ ಎಸೆತ, ಹೋದ ಡಿಸ್ಕಿಗೆ 20 ಡಾಲರ್. ಆಮೇಲೆ ನಿಮ್ಮ ಮುಖ ನೋಡಬೇಕು, ದಿನವೆಲ್ಲ "ಇವತ್ತು ಕೈ ಹತ್ತುತ್ತಿಲ್ಲ" ಎನ್ನುತ್ತೀರಿ. ಕೈ ಹತ್ತುವಷ್ಟೇ ಹತ್ತಿದೆ. ಸಂಖ್ಯೆ ಹತ್ತಿಲ್ಲ. ಯಾವ ಡಿಸ್ಕ್ ತೆಗೆಯಬೇಕು, ತೊರೆ ದಾಟಬೇಕೋ ಈಚೆಗೇ ಇಳಿಸಬೇಕೋ, ಎರಡನೇ ಎಸೆತಕ್ಕೆ ಎಷ್ಟು ಉಳಿಸಬೇಕು ಎಂಬ ತೀರ್ಮಾನಗಳೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿವೆ. ಊರವರಿಗೆ 350 ಹೇಳಿ ಪರವಾಗಿಲ್ಲ, ನಿಮಗೆ ನೀವೇ ಹೇಳಿಕೊಳ್ಳಬೇಡಿ.

ವಿಂತ್ರಾಪ್‌ನ 17ನೇ ಹೋಲ್ ನೋಡಿಲ್ಲದಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ, ಇಲ್ಲೇ ಇದೆ. 250 ಅಡಿಯ ಆಸುಪಾಸಿನದು, ಅಂದರೆ ನಿಮ್ಮಲ್ಲಿ ಹಲವರಿಗೆ ಎಟುಕುವಂಥದ್ದು. ಟೂರ್ನಮೆಂಟಿನ ಹೊತ್ತಿಗೆ ಬುಟ್ಟಿಯ ಸುತ್ತ ಹುಲ್ಲಿನ ಪಿಂಡಿಗಳ ಗೋಡೆ ಕಟ್ಟಿ ದ್ವೀಪದ ಹಾಗೆ ಮಾಡಿರುತ್ತಾರೆ. ಅದರೊಳಗೇ ಇಳಿಸಬೇಕು, ಹೊರಗೆ ಬಿದ್ದರೆ ದಂಡ. 500 ಅಡಿ ದಾಟಿಸುವ ತೋಳಿನವರು ಕೊನೆಯ ದಿನ ಆ ಟೀ ಮೇಲೆ ಬಂದು ಕೈಬೆವರು ಒರೆಸಿಕೊಳ್ಳುತ್ತಾರೆ. ಅಲ್ಲಿ ಯಾರೂ ಯಾರನ್ನೂ ಎಷ್ಟು ದೂರ ಎಸೀತೀಯ ಎಂದು ಕೇಳುವುದಿಲ್ಲ. ಹನ್ನೆರಡು ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ ಬಗ್ಗೆ ಹಳಬರು ಮಾತಾಡುವಾಗಲೂ ಮೊದಲು ಬರುವುದು ಅವರ ಗುರಿಯ ಮಾತು.

ನನಗೆ ಮೆಚ್ಚುಗೆಯಾದ ಅಳತೆಗಳು ಬುಟ್ಟಿಯ ಹತ್ತಿರ ಇವೆ. ಅಡಿಯಲ್ಲೇ ಬದುಕುವ ಈ ದೇಶದಲ್ಲಿ ಬುಟ್ಟಿಯ ಸುತ್ತಲಿನ ವೃತ್ತವನ್ನು ಮಾತ್ರ 10 ಮೀಟರ್ ಎಂದು ಹೇಳುತ್ತಾರೆ. ಅದರ ಒಳಗಿನಿಂದ ಎಸೆದರೆ ಮುಂದಕ್ಕೆ ಮುಗ್ಗರಿಸುವಂತಿಲ್ಲ, ಗುರುತಿನ ಹಿಂದೆ ಮೈ ಹಿಡಿತಕ್ಕೆ ತಂದು ನಿಲ್ಲಬೇಕು. 10 ಮೀಟರ್ ಅಂದರೆ ಹೆಚ್ಚೂಕಡಿಮೆ 33 ಅಡಿ. ನಮ್ಮ ಮೋಜಣಿಯ ಹದಿನಾರು ಆಣೆಯ ಸರಪಳಿ ಸರಿಯಾಗಿ 33 ಅಡಿ. ಒಂದು ಗುಂಟೆಯ ಒಂದು ಮಗ್ಗುಲು. ಎರಡನೇ ವೃತ್ತ 20 ಮೀಟರ್, ಎರಡು ಸರಪಳಿ. ಅಷ್ಟು ವರ್ಷ ಹೊಲದಲ್ಲಿ ಕಣ್ಣಲ್ಲಿ ಕೂತ ಅಳತೆ ಇಲ್ಲಿ ಕೈಗೆ ಬಂತು. ದೂರದಲ್ಲಿ ನೀವೆಲ್ಲ ನನ್ನನ್ನು ಹಿಂದೆ ಹಾಕುತ್ತೀರಿ. ಆದರೆ ವೃತ್ತದ ಒಳಗಿದ್ದೇನೋ ಹೊರಗಿದ್ದೇನೋ ಎಂದು ನಿಮಗೆ ಜಗಳ ಬಂದಾಗ ಕರೆಯುವುದು ನನ್ನನ್ನೇ.

ಹೊಸದಾಗಿ ಸೇರುವವರ ಬಗ್ಗೆ ಒಂದು ಮಾತಿದೆ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡಿಸ್ಕಿನ ಮೇಲೆ ನಾಲ್ಕು ಸಂಖ್ಯೆ ಅಚ್ಚಾಗಿರುತ್ತವೆ, ಮೊದಲನೆಯದು ಸ್ಪೀಡ್. 13 ಅಂತ ಇದ್ದರೆ ಹೆಚ್ಚು ದೂರ ಹೋಗುತ್ತದೆ ಎಂದು ಅಂಗಡಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತಾರೆ, ನೀವೂ ಅದನ್ನೇ ಕೊಡಿಸುತ್ತೀರಿ. ಅದು ಆ ಡಿಸ್ಕ್ ಕೇಳುವ ವೇಗ, ಕೊಡುವ ದೂರವಲ್ಲ. ಆ ವೇಗ ಕೊಡಲಾಗದವರ ಕೈಯಲ್ಲಿ ಅದು ಕೈಬಿಟ್ಟ ಕೂಡಲೇ ಎಡಕ್ಕೆ ಧುಮುಕುತ್ತದೆ. ಇಂಥ ವೇಗದ ಡಿಸ್ಕ್, ಅಂದರೆ ಡ್ರೈವರ್, ಮತ್ತು ಅದಕ್ಕಿಂತ ನಿಧಾನದ ಮಿಡ್‌ರೇಂಜ್ ಎರಡೂ ಒಂದೇ ಜಾಗದಲ್ಲಿ ಬೀಳುತ್ತಿವೆ ಎಂದಾದರೆ ಡ್ರೈವರನ್ನು ಒಂದು ಬೇಸಿಗೆ ಮನೆಯಲ್ಲಿಡಿ.

ಹುಬ್ಬಳ್ಳಿಯ ಹುಡುಗಿಯೊಬ್ಬಳು ವಸಂತದಲ್ಲಿ ಬಂದಿದ್ದಳು, ನೆನಪಿದೆಯೇ? ಮಿಡ್‌ರೇಂಜ್ ಹಿಡಿದು 170 ಅಡಿ, ದಾರ ಹಿಡಿದ ಹಾಗೆ ನೇರ ಎಸೆಯುತ್ತಿದ್ದಳು. ಹೊಸಬರಲ್ಲಿ ಅದು ಚೆನ್ನಾದ ಎಸೆತ. ಸುತ್ತ ನಿಂತವರೆಲ್ಲ 350, 400 ಅನ್ನುವುದನ್ನು ಕೇಳಿ ಕೇಳಿ "ನನ್ನ ಕೈಲೆ ಇದು ಆಗೂದಿಲ್ಲ ಬಿಡ್ರಿ" ಎಂದು ಹೋದವಳು ಮತ್ತೆ ಬರಲಿಲ್ಲ. ಅವಳ ಎದುರು ನೀವು ನಿಜವಾದ 260 ಹೇಳಿದ್ದರೆ, ತನಗೂ ಅವರಿಗೂ ನಡುವೆ ಇರುವುದು ಒಂದೆರಡು ವರ್ಷದ ಅಭ್ಯಾಸ ಎಂದು ಅವಳಿಗೆ ಕಾಣುತ್ತಿತ್ತು. ವಿಗ್ಗಿನ್ಸ್ ಎಸೆದ ಅದೇ ಮರುಭೂಮಿ ಕೂಟದಲ್ಲಿ, ಅಂಥದೇ ಗಾಳಿಯಲ್ಲಿ, ಜೆನಿಫರ್ ಆಲನ್ ಹೆಂಗಸರ ದಾಖಲೆ ಮಾಡಿದ್ದು 173.3 ಮೀಟರ್, ಸುಮಾರು 569 ಅಡಿ. ಅದನ್ನಿಟ್ಟುಕೊಂಡು ನೋಡಿದರೆ ಪಾರ್ಕಿನಲ್ಲಿ, ನಿಂತ ಗಾಳಿಯಲ್ಲಿ, 170 ಏನು ಕಡಿಮೆ? ಯಾರ ಹತ್ತಿರವಾದರೂ ಅವಳ ನಂಬರ್ ಇದ್ದರೆ ಫೋನ್ ಮಾಡಿ ಕರೆಯಿರಿ.

ಬಡಾಯಿ ಬೇಡ ಅನ್ನುವುದಿಲ್ಲ. ಆಟ ಮುಗಿಸಿ ಕಾರಿನ ಡಿಕ್ಕಿಯ ಸುತ್ತ ನಿಂತು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುವಾಗ ಒಂದಿಷ್ಟು ಕೊಚ್ಚಿಕೊಳ್ಳದಿದ್ದರೆ ಭಾನುವಾರ ಸಪ್ಪೆ. ಅಲ್ಲಿ 350 ಹೇಳಿ, 400 ಹೇಳಿ, ನಾನೂ ತಲೆದೂಗುತ್ತೇನೆ. ಟೀ ಮೇಲೆ ಮಾತ್ರ ಬೇಡ. ಅಲ್ಲೇ ಇನ್ನೊಂದನ್ನೂ ಬಿಡಿ: ಬೇರೆಯವರು ಹೇಳಿದ ದೂರವನ್ನು ಅವರ ಮುಖದ ಮೇಲೆ ತಿದ್ದುವುದು. ಕೇಳದೆ ಅವರ ಎಸೆತಕ್ಕೆ ಲೇಸರ್ ಹಿಡಿಯುವುದು ಇನ್ನೂ ಕೆಟ್ಟದ್ದು. ಪರಿಚಯವಿಲ್ಲದವರು ಜೊತೆಗೂಡಿದರೆ ಎಷ್ಟು ದೂರ ಎಸೀತೀರಿ ಎಂದು ಕೇಳಲೂ ಬೇಡಿ. ಎರಡು ಹೋಲ್ ಆಡುವಷ್ಟರಲ್ಲಿ ಎಲ್ಲರಿಗೂ ಎಲ್ಲರದೂ ಗೊತ್ತಾಗುತ್ತದೆ.

ನಿಮ್ಮ ಸಂಖ್ಯೆ ಇನ್ನೂ ಕೆಲವು ವರ್ಷ ಏರುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಪಿಡಿಜಿಎಯವರು 40ರಿಂದಲೇ ವಯಸ್ಸಿನ ವಿಭಾಗಗಳನ್ನು ಇಟ್ಟಿರುವುದು ಸುಮ್ಮನೆ ಅಲ್ಲ. ನನ್ನ ನಡುವಿನ ಎಸೆತ ಈಗ 150 ದಾಟುವುದಿಲ್ಲ. ಗಿಡ್ಡ ಟೀಯಿಂದ ಆಡುತ್ತೇನೆ, ಎಲ್ಲ ಹೋಲ್‌ಗೂ ಒಂದು ಎಸೆತ ಹೆಚ್ಚು ಎಂದು ನನ್ನದೇ ಪಾರ್ ಇಟ್ಟುಕೊಂಡಿದ್ದೇನೆ, ಅದನ್ನು ಆಗಾಗ ಮುರಿಯುತ್ತೇನೆ. ಹಾಗೆ ಮುರಿದ ದಿನ ಮಗಳ ಮನೆಯಲ್ಲಿ ಎಲ್ಲರಿಗೂ ಅದೇ ಕಥೆ.

ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮೊದಲು, ಹೈಸ್ಕೂಲಿನ ಮೈದಾನಕ್ಕೆ ಹೋಗೋಣ. ಗೆರೆಗಳ ಮೇಲೆ ನಂಬಿಕೆಯಿಲ್ಲದವರಿಗಾಗಿ ಊರಿನಿಂದ ತಂದ 30 ಮೀಟರಿನ ಟೇಪು ನನ್ನ ಹತ್ತಿರ ಇದೆ. ಸೊನ್ನೆಯ ತುದಿ ಹಿಡಿದು ಅಲ್ಲಾಡದೆ ನಿಲ್ಲಲು ಒಬ್ಬರು ಬೇಕು. ಯಾರು ಬರುತ್ತೀರೋ ಶುಕ್ರವಾರ ರಾತ್ರಿಯೊಳಗೆ ವಾಟ್ಸಾಪ್ ಮಾಡಿ. ದಾವಣಗೆರೆಯವನು ಬೇಡ, ಅವನು ಎಸೆಯಲಿ.